ಗುಣಿಸು ನಾನೂರ ಹನ್ನೆರಡು

ಪೆಕನ್‌ಬಾರು
೧೨ ಫೆಬ್ರವರಿ ೨೦೧೭

ಮಸ್ನೂರ್,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಮೇಲೂ ನೀನು ಇದನ್ನು ಹರಿಯಲಿಲ್ಲವೆಂದರೆ, ಅಥವಾ ಹರಿದ ಮೇಲೆ ಜೋಡಿಸಿಕೊಂಡು ಓದುತ್ತಿದ್ದೀಯೆಂದರೆ, ಅಸ್ಸಲಾಮು ಅಲೈಕುಂ. ನಿನ್ನ ಫೋನಿಗೆ ಮೂರು ಸಲ ಮಾಡಿದೆ. ಮೂರು ಸಲವೂ ಒಬ್ಬ ಹೆಂಗಸು, ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದಳು. ಆರು ವರ್ಷದ ಹಿಂದೆ ನೀನು ನನ್ನೊಡನೆ ಆಡಿದ ಕೊನೆಯ ಮಾತಿಗಿಂತ ಅವಳ ಮಾತಿನಲ್ಲಿ ಮರ್ಯಾದೆ ಹೆಚ್ಚಿತ್ತು.

ಕೆಲಸದ ವಿಷಯ. ನದಿಯುದ್ದಕ್ಕೂ ಪ್ರತಿವರ್ಷ ನಡೆಯುವ ಐದು ಉದ್ದದೋಣಿ ಪಂದ್ಯಗಳಲ್ಲಿ ಯಾವುದರಿಂದ ಯಾವ ಊರಿಗೆ ಎಷ್ಟು ದುಡ್ಡು ಬರುತ್ತದೆ ಎಂದು ಜಿಲ್ಲೆಯವರು ಅಳೆಸುತ್ತಿದ್ದಾರೆ. ದುಡ್ಡು ತರುವ ಮೂರು ಉಳಿಯುತ್ತವೆ. ಉಳಿದೆರಡನ್ನು ಪಾಸಾರ್ ಗದಾಂಗ್‌ನ ದೊಡ್ಡ ಪಂದ್ಯಕ್ಕೆ ಸೇರಿಸಿಬಿಡುತ್ತಾರೆ. ಪಟ್ಟಿಯಲ್ಲಿ ನಿಮ್ಮ ಲುಬುಕ್ ಕಂಡಿಸ್ ಕೊನೆಯದು.

ಅಳೆಯುವ ಕೆಲಸ ನಮ್ಮ ಸಮೀಕ್ಷಾ ಕೇಂದ್ರಕ್ಕೆ ಬಂದಿದೆ. ಕೇಂದ್ರವೆಂದರೆ ನಾನು ಮತ್ತು ಎರಡು ಫ್ಯಾನು. ಒಂದು ತಿರುಗುತ್ತದೆ, ಇನ್ನೊಂದು ನನ್ನ ಹಾಗೆ, ಕರೆಂಟು ಬಂದರೂ ಯೋಚನೆ ಮಾಡುತ್ತದೆ. ಇಪ್ಪತ್ತೆರಡು ವರ್ಷ ಉತ್ಸವಗಳನ್ನು ಎಣಿಸಿದ್ದೇನೆ. ಅಂಕೆ ತಪ್ಪಿದ ಅಂಕಿಗಳ ನಡುವೆ ಕೂತು ಕೂತು ಬೆನ್ನು ಬಾಗಿದೆ. ಈ ಸಲ ಸರಿಯಾಗಿ ಅಳೆಯಬೇಕೆಂದಿದ್ದೇನೆ. ಅದಕ್ಕೆ ಊರಿನವನೊಬ್ಬ ಬೇಕು. ನನಗೆ ಗೊತ್ತಿರುವ ಊರಿನವನು ನೀನೊಬ್ಬನೇ.

ಇಂತಿ,
ಅಸ್ರುಲ್

*

ಲುಬುಕ್ ಕಂಡಿಸ್
೩ ಮಾರ್ಚ್ ೨೦೧೭

ಅಸ್ರುಲ್,

ವಾಲೈಕುಂ ಸಲಾಂ. ನಾನು ಹರಿಯಲಿಲ್ಲ. ಕಾಗದ ಮೊದಲು ಯುಲಿನಾರ್ ಕೈಗೆ ಸಿಕ್ಕಿತು. ಅವಳು ಓದಿ, ಮಡಿಸಿ, ನನ್ನ ತಟ್ಟೆಯ ಪಕ್ಕ ಇಟ್ಟು, "ನಿಮ್ಮ ಸ್ನೇಹಿತರು ಬದುಕಿದ್ದಾರೆ" ಅಂದಳು. ಹೆಂಡತಿಯ ಬಾಯಲ್ಲಿ ಅದು ಒಳ್ಳೆಯ ಸುದ್ದಿಯೋ ದೂರೋ ಇಪ್ಪತ್ತಾರು ವರ್ಷದಿಂದ ನನಗೆ ತಿಳಿದಿಲ್ಲ.

ಹೌದು, ಕಾಫಿ ಅಂಗಡಿಯಲ್ಲಿ ಹದಿನೈದು ಜನರೆದುರು ನಿನ್ನನ್ನು ಸೊನ್ನೆ ವ್ಯಾಪಾರಿ ಅಂದೆ. ಮತ್ತೇನನ್ನಲಿ? ಪಾಸಾರ್ ಗದಾಂಗ್‌ಗೆ ಪಂದ್ಯದಿಂದ ನಾಲ್ಕು ಸಾವಿರದ ಎಂಟುನೂರು ಕೋಟಿ ರುಪಿಯಾ ಬಂತು ಅಂತ ಬರೆದವನು ನೀನು. ನಾಲ್ಕು ದಿನ ನೋಡಲು ಬಂದ ಒಬ್ಬನನ್ನು ನಾಲ್ಕು ಜನ ಅಂತ ಎಣಿಸಿದ್ದೆ. ಆ ವರದಿ ಬೀಸಿ ಅವರು ಸಿಮೆಂಟಿನ ಗ್ಯಾಲರಿ ಕಟ್ಟಿಸಿಕೊಂಡರು, ನಮ್ಮ ಅನುದಾನ ಅರ್ಧಕ್ಕಿಳಿಯಿತು. ಅವರ ಗ್ಯಾಲರಿಯ ನೆರಳಲ್ಲಿ ನಮ್ಮ ದೋಣಿ ಆರು ವರ್ಷದಿಂದ ಒಣಗುತ್ತಿದೆ.

ಆದ್ದರಿಂದ ಈಗ ಕೇಳು. ಈ ಸಲ ನಮಗೂ ಅಷ್ಟೇ ಸೊನ್ನೆ ಹಾಕು.

ನಗಬೇಡ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು, ಗಂಡ ಬಂದು ಸೇರಿಕೊಳ್ಳುವವನು, ನಿನಗೇ ಗೊತ್ತು. ಹೊಲ ಅವಳದ್ದು, ರಬ್ಬರ್ ಮರ ಅವಳದ್ದು, ಮಕ್ಕಳು ಅವಳ ಕುಲದವರು. ಮನೆಯ ಮಾತಿಗೆ ಅವಳ ಅಣ್ಣನನ್ನು ಕರೆಯುತ್ತಾರೆ, ಚಹಾ ತರಲು ನನ್ನನ್ನು ಕಳಿಸುತ್ತಾರೆ. ಈ ಊರಲ್ಲಿ ನನ್ನದು ಅಂತ ಇರುವುದು ಒಂದೇ: ಹತ್ತೊಂಬತ್ತು ವರ್ಷದಿಂದ ನಾನು ದೋಣಿ ಸಮಿತಿಯ ಕಾರ್ಯದರ್ಶಿ. ಐವತ್ತಮೂರು ಜನ ಹುಟ್ಟು ಹಾಕುವ 'ಹಳೇ ಮೊಸಳೆ' ನೀರಿಗಿಳಿಯಬೇಕಾದರೆ ನಾನು ಸೀಟಿ ಊದಬೇಕು. ಪಂದ್ಯ ಹೋದರೆ ನಾನು ಹೆಂಡತಿ ಮನೆಯಲ್ಲಿ ಉಣ್ಣುವ ಗಂಡ, ಅಷ್ಟೇ.

ಹಾಳೆ ಕಳಿಸು, ತುಂಬಿಸುತ್ತೇನೆ.

ಮಸ್ನೂರ್

*

ಪೆಕನ್‌ಬಾರು
೨೦ ಮೇ ೨೦೧೭

ಮಸ್ನೂರ್,

ಇಲ್ಲ. ಸೊನ್ನೆ ಹಾಕುವುದಿಲ್ಲ.

ಅಂದು ನೀನು ಅಂದದ್ದು ಸರಿಯಾಗಿತ್ತು. ಸರಿಯಾಗಿದ್ದರಿಂದಲೇ ಆರು ವರ್ಷ ಬರೆಯಲಿಲ್ಲ, ತಪ್ಪಾಗಿದ್ದರೆ ಮರುದಿನವೇ ಬಂದು ಜಗಳ ತೆಗೆಯುತ್ತಿದ್ದೆ. ಆಗ ನಮ್ಮ ಮೇಲಿನವರು, "ಅಸ್ರುಲ್, ಗುಣಕ ಸ್ವಲ್ಪ ಉದಾರವಾಗಿರಲಿ" ಅಂದರು. ನಾನು ಉದಾರನಾದೆ. ಗುಣ ಕಳೆದುಕೊಂಡವನಿಗೆ ಗುಣಾಕಾರವೊಂದೇ ಆಸರೆ. ಈಗ ಸಾಕಾಗಿದೆ. ನಿವೃತ್ತಿಗೆ ಮೂರು ವರ್ಷ ಇದೆ. ಒಂದಾದರೂ ನಿಜವಾದ ಅಂಕಿ ಬರೆದು ಹೋಗುತ್ತೇನೆ. ನಿಮ್ಮ ಊರಿಗೆ ದುಡ್ಡು ಬರುತ್ತಿದ್ದರೆ ಅದು ತಾನೇ ಕಾಣುತ್ತದೆ, ನೀನು ಹೆದರುವುದೇಕೆ?

ಟ್ರಾವೆಲ್ ವ್ಯಾನಿನ ಚಾಲಕನ ಕೈಲಿ ಎರಡು ಕಟ್ಟು ಕಳಿಸಿದ್ದೇನೆ. ಹಳದಿ ಹಾಳೆ ಪಂದ್ಯ ನೋಡಲು ಬಂದವರಿಗೆ: ಎಲ್ಲಿಂದ ಬಂದಿರಿ, ಎಲ್ಲಿ ತಂಗಿದಿರಿ, ಏನೇನಕ್ಕೆ ಎಷ್ಟು ಖರ್ಚಾಯಿತು. ಬಿಳಿ ಹಾಳೆ ಊರಿನ ಮನೆಗಳಿಗೆ: ಎಷ್ಟು ಗಳಿಸಿದಿರಿ, ಎಷ್ಟು ಕಳೆದಿರಿ. ನಿಮ್ಮಲ್ಲಿ ಒಟ್ಟು ನಾನೂರ ಹನ್ನೆರಡು ಮನೆ. ಅರವತ್ತನ್ನು ಚೀಟಿ ಎತ್ತಿ ಆರಿಸಿದ್ದೇನೆ, ಪಟ್ಟಿ ಒಳಗಿದೆ. ಮನೆಯಾಕೆಯೇ ತುಂಬಬೇಕು. ಹೆಸರು ಬರೆಯಬಾರದು, ತುಂಬಿದ ಮೇಲೆ ಲಕೋಟೆಗೆ ಅಂಟು ಹಾಕಬೇಕು. ನೀನು ಒಡೆದು ನೋಡಬಾರದು. ನಿನ್ನ ಮೇಲೆ ಆಣೆ.

ಉಪವಾಸದ ತಿಂಗಳು ಬಂತು. ದೇಹ ಜೋಪಾನ. ಯುಲಿನಾರ್‌ಗೆ ಸಲಾಂ ತಿಳಿಸು.

ಅಸ್ರುಲ್

*

ಲುಬುಕ್ ಕಂಡಿಸ್
೫ ಸೆಪ್ಟೆಂಬರ್ ೨೦೧೭

ಅಸ್ರುಲ್,

ಪಂದ್ಯ ಮುಗಿಯಿತು. ನಾವು ಸೆಮಿಫೈನಲ್‌ನಲ್ಲಿ ಅರ್ಧ ದೋಣಿ ಉದ್ದಕ್ಕೆ ಸೋತೆವು. ನನ್ನ ಗಂಟಲು ಹೋಗಿದೆ, ಕೈ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಹಳದಿ ಹಾಳೆಯ ಕಥೆ. ದಡದಲ್ಲಿ ಮೇಜು ಹಾಕಿ ಕೂತೆ. ಜಂಬಿಯಿಂದ ಬಂದ ಒಬ್ಬ ಹುಡುಗ ಸಿಕ್ಕಿದ, ಒಳ್ಳೆಯ ಬೂಟು, ಕಪ್ಪು ಕನ್ನಡಕ. ಇವನು ನಮ್ಮೂರಿಗೆ ಲಕ್ಷಗಟ್ಟಲೆ ಸುರಿಯುತ್ತಾನೆ ಅಂತ ಹಿಗ್ಗಿದೆ.

"ತಂಗಿದ್ದೆಲ್ಲಪ್ಪಾ?"

"ದೊಡ್ಡಮ್ಮನ ಮನೇಲಿ."

"ಊಟಕ್ಕೆ ಎಷ್ಟಾಯ್ತು?"

"ದೊಡ್ಡಮ್ಮ."

"ಓಡಾಟಕ್ಕೆ?"

"ದೊಡ್ಡಮ್ಮನ ಮಗನ ಬೈಕು."

"ಹೋಗ್ಲಿ, ಮನರಂಜನೆಗೆ?"

"ದೊಡ್ಡಪ್ಪ."

ದಿನವಿಡೀ ಹೀಗೆ. ನದಿಗೆ ಎರಡು ದಡ, ನಮ್ಮೂರಿಗೆ ಬಂದವರಿಗೆಲ್ಲ ಒಬ್ಬಳೇ ದೊಡ್ಡಮ್ಮ. ಖರ್ಚು ಮಾಡಿದ್ದೇನಿದ್ದರೂ ಕಡಲೆಕಾಯಿ, ಸಿಗರೇಟು, ಬೈಕು ನಿಲ್ಲಿಸಿದ್ದಕ್ಕೆ ಎರಡು ಸಾವಿರ ರುಪಿಯಾ, ಅಂದರೆ ಒಂದು ಲೋಟ ಚಹಾಕ್ಕೂ ಸಾಲದ ದುಡ್ಡು. ಆದರೆ ಹಾಳೆಯ ಕೊನೆಯಲ್ಲಿ, ಈ ಪಂದ್ಯ ಮುಂದಿನ ವರ್ಷವೂ ನಡೆಯಬೇಕೆ ಅಂತ ಕೇಳಿದ್ದೀಯಲ್ಲ, ಅಲ್ಲಿ ಎಲ್ಲರೂ ಎದ್ದು ನಿಂತು 'ಹೌದು' ಅಂತ ಗೀಚಿದ್ದಾರೆ. ಜಂಬಿಯ ಹುಡುಗ ಮೂರು ಸಲ ಗೀಚಿದ. ನಿನ್ನ ಪೆನ್ನೂ ತೆಗೆದುಕೊಂಡು ಹೋದ.

ಬಿಳಿ ಹಾಳೆಯದ್ದು ಬೇರೆ ಗೋಳು. ನೂರ್ಸಿಯಾ ಅಜ್ಜಿಯ ಮನೆಗೆ ಹೋದೆ. ಇಪ್ಪತ್ತಮೂರು ಜನ ಉಂಡು ಹೋದ ಮನೆ. ಪ್ರಶ್ನೆ ಓದಿ ಹೇಳಿದ್ದೇ ತಡ, ಅಜ್ಜಿ ಎಲೆ ಅಡಿಕೆ ಉಗಿದು ನನ್ನ ಕಡೆ ತಿರುಗಿದಳು.

"ಅಲ್ವೋ ಮಸ್ನೂರ, ನನ್ನ ತಂಗಿ ಮಗ ತಿಂದ ಅನ್ನ ನಾನು ತೂಕ ಹಾಕಿ ಬರೀಬೇಕಾ? ನಾಳೆ ನಾನು ಸತ್ರೆ ಅವನೂ ಹೊರೋಕೆ ಮುಂಚೆ ತಕ್ಕಡಿ ತರ್ತಾನೇನೋ?"

"ಅಜ್ಜಿ, ಇದು ಆರ್ಥಿಕ ಪ್ರಭಾವ ಅಂತ..."

"ಭಾವ ಒಬ್ಬ ಬಂದು ಐದು ದಿನ ಕೂತಿದ್ದ, ಸಾಲದಾ? ಇನ್ನು ಪ್ರಭಾವನೂ ಬರ್ತಾನಾ?"

ಲಕೋಟೆಗೆ ಖಾಲಿ ಹಾಳೆ ತುರುಕಿ, ಅನ್ನದ ಅಗುಳಲ್ಲಿ ಅಂಟಿಸಿ ಕೊಟ್ಟಳು. ಬೇರೆಯವರೂ ಹಾಗೇ. ಬಂದವರಿಗೆ ಹಾಕಿದ್ದನ್ನು ಹೆಂಗಸರು ಎಣಿಸುವುದಿಲ್ಲ, ಎಣಿಸಿದರೂ ಬಾಯಿ ಬಿಡುವುದಿಲ್ಲ. ಇದು ನಿನ್ನ ಚೀಟಿ ಎತ್ತುವ ಶಾಸ್ತ್ರಕ್ಕೆ ತಿಳಿಯದೇ ಹೋಯಿತಲ್ಲ! ಅಂತೂ ಅರವತ್ತೂ ಲಕೋಟೆ ಕಳಿಸಿದ್ದೇನೆ, ಒಂದನ್ನೂ ಒಡೆದಿಲ್ಲ. ಚೀಟಿಯಲ್ಲಿ ನಮ್ಮ ಮನೆಯೂ ಬಂದಿತ್ತು. ಯುಲಿನಾರ್ ಏನೋ ಬರೆದಳು, ನನಗೆ ತೋರಿಸಲಿಲ್ಲ. ಬರೆಯಲಿಕ್ಕೆ ಏನಿರುತ್ತದೆ ಪಾಪ, ನಮ್ಮ ಮನೆಯಲ್ಲಿ ಎಲ್ಲ ತಾನಾಗಿಯೇ ನಡೆಯುತ್ತದೆ.

ಗಳಿಕೆ ಹೇಗಾದರೂ ಮಾಡಿ ತೋರಿಸು, ಅಸ್ರುಲ್.

ಮಸ್ನೂರ್

*

ಪೆಕನ್‌ಬಾರು
೨೮ ಅಕ್ಟೋಬರ್ ೨೦೧೭

ಮಸ್ನೂರ್,

ವರದಿ ಒಪ್ಪಿಸಿದೆ. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ಪಂದ್ಯದ ಐದು ದಿನಗಳಲ್ಲಿ ಹೊರಗಿನವರಿಂದ ಲುಬುಕ್ ಕಂಡಿಸ್‌ಗೆ ಬಂದದ್ದು ಮೂವತ್ತೊಂದು ಕೋಟಿ ರುಪಿಯಾ. ನೆಂಟರು ಕೈಗಿಟ್ಟದ್ದನ್ನು ಕಳೆದು ಊರಿನ ಮನೆಗಳಿಂದ ಹೋದದ್ದು ಇನ್ನೂರ ಹನ್ನೆರಡು ಕೋಟಿ. ಕಳೆದರೆ, ಪ್ರತಿವರ್ಷ ನಿಮ್ಮೂರು ನೂರ ಎಂಬತ್ತೊಂದು ಕೋಟಿ ಬಡವಾಗುತ್ತದೆ. ಆದಾಯದ ಕಾಲಂ ಮಾಡಿ ಕೂತಿದ್ದೆ, ಅಲ್ಲಿ ತುಂಬಿದ್ದು ಆದ ಗಾಯ.

ನನಗೂ ಇದು ಬೇಕಿರಲಿಲ್ಲ. ಮೂರು ವಾರ ಈ ಕಾಗದಗಳ ಮೇಲೆ ಬಿದ್ದುಕೊಂಡಿದ್ದೆ. ಗಡುವು ಎರಡು ಸಲ ಮೀರಿತು, ಮೇಲಿನವರು ದಿನಕ್ಕೆ ಮೂರು ಸಲ ಫೋನು ಮಾಡಿದರು. ಲೆಕ್ಕಕ್ಕೆ ಸಿಕ್ಕ ಮನೆಗಳ ಮಾದರಿ ಸ್ವಲ್ಪ ಚಿಕ್ಕದಾಗಿತ್ತು, ಅದನ್ನು ಅಡಿಟಿಪ್ಪಣಿಯಲ್ಲಿ ಹೇಳಿದ್ದೇನೆ. ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲವೆಂದು ನೀನು ಅಂದರೆ, ಬರೆದವನೂ ಅದನ್ನೇ ನೆಚ್ಚಿಕೊಂಡಿರುತ್ತಾನೆ ಎಂದು ನಾನು ಒಪ್ಪುತ್ತೇನೆ.

ಬಯ್ಯಬೇಕೆಂದರೆ ಬಯ್ಯಿ. ಈ ಸಲ ಸೊನ್ನೆ ಸೇರಿಸಿಲ್ಲ.

ಅಸ್ರುಲ್

*

ಲುಬುಕ್ ಕಂಡಿಸ್
೧೫ ಜನವರಿ ೨೦೧೮

ಅಸ್ರುಲ್,

ಆದೇಶ ಬಂದಿದೆ. ನಮ್ಮ ಪಂದ್ಯ ಪಾಸಾರ್ ಗದಾಂಗ್‌ಗೆ ಹೋಯಿತು. 'ಗ್ರಾಮಸ್ಥರ ಆರ್ಥಿಕ ಹಿತದೃಷ್ಟಿಯಿಂದ' ಅಂತ ಬರೆದಿದ್ದಾರೆ. ನಮ್ಮ ಹಿತಕ್ಕೆ ಇಷ್ಟು ಚೆನ್ನಾಗಿ ದೃಷ್ಟಿ ತಾಗಿದ್ದು ಇದೇ ಮೊದಲು. 'ಹಳೇ ಮೊಸಳೆ' ಇನ್ನು ಮೇಲೆ ಲಾರಿಯ ಮೇಲೆ ಅವರೂರಿಗೆ ಹೋಗಿ, ಅವರ ಗ್ಯಾಲರಿಯ ಮುಂದೆ, ಅವರ ಕಾರ್ಯದರ್ಶಿಯ ಸೀಟಿಗೆ ಈಜಬೇಕು.

ನಿನ್ನ ವರದಿಯನ್ನು ಊರ ಕಚೇರಿಯ ಫಲಕಕ್ಕೆ ಅಂಟಿಸಿದರು, ಅನುಬಂಧ ಸಮೇತ. ಎಲ್ಲರೆದುರು ನಾನೇ ಗಟ್ಟಿಯಾಗಿ ಓದಿದೆ. ಅಡಿಟಿಪ್ಪಣಿಯಲ್ಲ, ನಿನ್ನ ಅನುಬಂಧ ಓದಬೇಕು ಮಾರಾಯ! ಊರಿನ ಮನೆಗಳ ಖರ್ಚಿನ ವಿವರ: ನೆಂಟರಿಗೆ ಹಾಸಿದ ಚಾಪೆ ತೊಳೆಯಲು ಸೋಪು, ಚಾಪೆಗಳು ನಾಲ್ಕು ಸಾವಿರದ ಐನೂರ ಮೂವತ್ತೆರಡು. ಖರ್ಚಿಗಾಗಿ ಮಾರಿದ ಚಿನ್ನದ ಬಳೆ, ನಾನೂರ ಹನ್ನೆರಡು.

ಜನ ಬಿದ್ದು ಬಿದ್ದು ನಕ್ಕರು. ಮುಖ್ಯಸ್ಥರು, "ನಮ್ಮೂರಲ್ಲಿ ಅಷ್ಟು ಬಳೆ ಇದ್ದಿದ್ರೆ ಮೊಸಳೆಗೂ ಒಂದು ತೊಡಿಸ್ತಿದ್ವಲ್ಲಯ್ಯ" ಅಂದರು. ನಾನೂ ನಕ್ಕೆ. ಪಂದ್ಯ ಹೋದ ದಿನ ನಕ್ಕ ಕಾರ್ಯದರ್ಶಿ ನಾನೊಬ್ಬನೇ ಇರಬೇಕು. ಹೆಂಡತಿಯ ಬಳೆ ಮಾರಿಸಿ ನೆಂಟರಿಗೆ ಮಾಂಸ ಹಾಕುವ ಗಂಡಸು ನಮ್ಮೂರಲ್ಲಿ ಯಾರಿದ್ದಾನೆ? ಇದ್ದರೆ ಅವನು ನದಿಗೆ ಬೀಳಬೇಡವೇ?

ಮನೆಗೆ ಬಂದು ಯುಲಿನಾರ್‌ಗೂ ಹೇಳಿದೆ. ಅವಳು ನಗಲಿಲ್ಲ. ಅಕ್ಕಿ ಆರಿಸುತ್ತಿದ್ದಳು. "ಚಾಪೆ ಎಷ್ಟು ಅಂದ್ರಿ?" ಅಂತ ಕೇಳಿದಳು. ಹೇಳಿದೆ. ಮತ್ತೆ ಆರಿಸತೊಡಗಿದಳು.

ಆರು ವರ್ಷದ ಹಿಂದೆ ಸುಳ್ಳು ಬರೆದು ನನ್ನ ಅರ್ಧ ತೆಗೆದೆ. ಈಗ ನಿಜ ಬರೆಯುತ್ತೇನೆಂದು ಉಳಿದರ್ಧವನ್ನೂ ತೆಗೆದೆ. ಉತ್ತರ ಬರೆಯಬೇಡ.

ಮಸ್ನೂರ್

*

ಲುಬುಕ್ ಕಂಡಿಸ್
೨ ಫೆಬ್ರವರಿ ೨೦೧೮

ಅಸ್ರುಲ್ ಅಣ್ಣನವರಿಗೆ,

ನಾನು ಯುಲಿನಾರ್, ಮಸ್ನೂರ್ ಅವರ ಹೆಂಡತಿ. ಈ ಕಾಗದ ನಮ್ಮ ಅಕ್ಕನ ಕೈಲಿ ಕಳಿಸುತ್ತಿದ್ದೇನೆ. ನಮ್ಮವರಿಗೆ ತಿಳಿಯದು.

ಆ ಚಾಪೆಗಳು ನನ್ನವು. ಹನ್ನೊಂದು ಚಾಪೆ. ನಾನೂರ ಹನ್ನೆರಡು ಮನೆಯಿಂದ ಗುಣಿಸಿ ನೋಡಿದೆ, ನಿಮ್ಮ ಲೆಕ್ಕ ಸರಿಯಾಗಿ ಬರುತ್ತದೆ. ಅಂದರೆ ಅರವತ್ತು ಲಕೋಟೆಯಲ್ಲಿ ತುಂಬಿದ ಹಾಳೆ ನನ್ನದೊಂದೇ ಇತ್ತು, ಅಲ್ಲವೇ ಅಣ್ಣ?

ನಾನು ಬರೆದದ್ದರಲ್ಲಿ ಸುಳ್ಳಿಲ್ಲ. ನಮ್ಮ ಮನೆಯಲ್ಲಿ ಹದಿನೆಂಟು ಜನ ಐದು ದಿನ ಇದ್ದರು. ಅಕ್ಕಿ, ಅಂಟಕ್ಕಿ, ಎಂಟು ಕಿಲೋ ಮಾಂಸ, ನಲವತ್ತು ತೆಂಗಿನಕಾಯಿ, ಹೊರಡುವಾಗ ಕೈಗೆ ಕಟ್ಟಿಕೊಟ್ಟದ್ದು, ಎಲ್ಲ ಸೇರಿ ಐವತ್ನಾಲ್ಕೂವರೆ ಲಕ್ಷ ರುಪಿಯಾ. ಅವರು ಮಕ್ಕಳ ಕೈಗಿಟ್ಟದ್ದು ಮೂರು ಲಕ್ಷ. ಬಳೆಯೂ ನಿಜ. ವರ್ಷವೆಲ್ಲ ರಬ್ಬರ್ ಹಾಲಿನ ದುಡ್ಡು ಕೂಡಿಸಿ ಒಂದು ಕೊಳ್ಳುತ್ತೇನೆ, ಆಗಸ್ಟಿನಲ್ಲಿ ಮಾರುತ್ತೇನೆ. ಹನ್ನೆರಡು ವರ್ಷದಿಂದ ಹೀಗೆ. ಅಡುಗೆ ಕೆಲಸಕ್ಕೆ ಅಡ್ಡವೆಂದು ತೆಗೆದಿಟ್ಟಿದ್ದೇನೆ ಅಂತ ನಮ್ಮವರು ಅಂದುಕೊಂಡಿದ್ದಾರೆ. ಅವರು ಕೇಳಿಲ್ಲ, ನಾನು ಹೇಳಿಲ್ಲ. ಪಂದ್ಯದ ದಿನ ಸೀಟಿ ಹಿಡಿದು ಹೊರಡುವಾಗ ಅವರ ನಡಿಗೆಯೇ ಬೇರೆ ಇರುತ್ತದೆ. ನೀವೂ ನೋಡಿದ್ದೀರಿ.

ಆ ಹಾಳೆ ಬರೆದ ದಿನದ ವಿಷಯ ಹೇಳಬೇಕು. ನೆಂಟರು ಬೆಳಿಗ್ಗೆ ಹೊರಟಿದ್ದರು. ನನಗೆ ಎರಡು ದಿನದಿಂದ ಜ್ವರ. ಬಾವಿಯ ಹತ್ತಿರ ಚಾಪೆ ತೊಳೆಯುತ್ತಿದ್ದೆ. ಹೊರಡುವ ಮೊದಲು ನನ್ನ ಚಿಕ್ಕಮ್ಮನ ಮಗಳು ಬಂದು, "ಈ ಸಲ ರಂದಾಂಗ್‌ನಲ್ಲಿ ಮಾಂಸ ಕಮ್ಮಿ ಕಣೇ, ತೆಂಗಿನಕಾಯೇ ಜಾಸ್ತಿ, ಜಿಪುಣಿ ಆಗ್ಬಿಟ್ಯಾ?" ಎಂದು ನಕ್ಕಿದ್ದಳು. ತಮಾಷೆಗೇ ಅಂದದ್ದು. ಅವಳು ಹೋದ ಮೇಲೆ ಒದ್ದೆ ಕೈಯಲ್ಲೇ ನಿಮ್ಮ ಹಾಳೆ ಎತ್ತಿಕೊಂಡೆ. ನಮ್ಮಲ್ಲಿ ಯಾರೂ ಬರೆಯದೇ ಇದ್ದುದನ್ನು ಸೋಪಿನವರೆಗೂ ಬರೆದೆ. ಎರಡೂ ಬದಿ ತುಂಬಿತು. ಬರೆದ ಮೇಲೆ ಸ್ವಲ್ಪ ಹಗುರಾಯಿತು. ಅದನ್ನು ಓದುವವರೂ ಇರುತ್ತಾರೆಂದು ಆಗ ಹೊಳೆಯಲಿಲ್ಲ.

ಅದು ನನ್ನೊಬ್ಬಳ ಒಂದು ದಿನದ ಸುಸ್ತು, ಅಣ್ಣ. ನೀವು ಅದನ್ನು ನಾನೂರ ಹನ್ನೆರಡರಿಂದ ಗುಣಿಸಿದಿರಿ.

ಅವರು ಈಗ ಊಟಕ್ಕೆ ಕೂತರೆ ಮಾತಾಡುವುದಿಲ್ಲ. ಸಂಜೆ ದೋಣಿ ಇಟ್ಟಿರುವ ಕಡೆ ಹೋಗಿ ಕೂರುತ್ತಾರೆ. ನನ್ನಿಂದಲೇ ಹೋಯಿತೆಂದು ಹೇಳಲು ಬಾಯಿ ಬರುತ್ತಿಲ್ಲ.

ಇನ್ನೊಂದು ಮಾತು. ಹಳದಿ ಹಾಳೆ ಅವರು ಮನೆಗೆ ತಂದಾಗ ನೋಡಿದ್ದೆ. ಅದರ ಕೊನೆಯಲ್ಲಿ, ಪಂದ್ಯ ಮುಂದಿನ ವರ್ಷವೂ ಬೇಕೆ ಎಂದು ಕೇಳಿದ್ದಿರಿ. ಅದು ಉಂಡು ಹೋಗುವವರ ಹಾಳೆ. ನಮ್ಮ ಬಿಳಿ ಹಾಳೆಯಲ್ಲಿ ಇಪ್ಪತ್ತೆರಡು ಪ್ರಶ್ನೆ ಇದ್ದವು, ಅದೊಂದು ಇರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಬೇಡ ಎಂದು ಮಾತ್ರ ಬರೆಯುತ್ತಿರಲಿಲ್ಲ. ಬೇಕು ಎಂದು ಬರೆಯುವುದಕ್ಕೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ತಪ್ಪಿದ್ದರೆ ಮನ್ನಿಸಿ. ನನ್ನ ಹೆಸರು ಹೇಳಬೇಡಿ.

ಯುಲಿನಾರ್

*

ಪೆಕನ್‌ಬಾರು
೧೧ ಮಾರ್ಚ್ ೨೦೧೮

ಮಸ್ನೂರ್,

ಉತ್ತರ ಬರೆಯಬೇಡ ಅಂದಿದ್ದೆ. ಇದು ಉತ್ತರವಲ್ಲ, ತಪ್ಪೊಪ್ಪಿಗೆ.

ಅರವತ್ತು ಲಕೋಟೆ ಒಡೆದೆ. ಐವತ್ತೊಂದರಲ್ಲಿ ಖಾಲಿ ಹಾಳೆ. ಎಂಟರಲ್ಲಿ ಎಲ್ಲ ಕಾಲಮ್ಮಿಗೂ ಒಂದೊಂದು ಸೊನ್ನೆ. ತುಂಬಿದ್ದು ಒಂದು. ಖಾಲಿಯವರು ಉತ್ತರಿಸಲಿಲ್ಲ ಎಂದು ಬದಿಗಿಟ್ಟೆ. ಸೊನ್ನೆಯವರು ಸುಳ್ಳು ಹೇಳುತ್ತಿದ್ದಾರೆ ಎಂದು ಬದಿಗಿಟ್ಟೆ. ಮಿಕ್ಕಿದ್ದನ್ನು ಹಿಡಿದು ಗುಣಿಸಿದೆ. ಒಂದೇ ಒಂದು ಮನೆಯಿಂದ ನಾನೂರ ಹನ್ನೆರಡು ಮನೆ ಕಟ್ಟಿದೆ. ಕೆಲಸ ಕಲಿಯಲು ಬಂದ ಹುಡುಗನೊಬ್ಬ ಹೀಗೆ ಮಾಡಿದ್ದರೆ ಹಾಳೆ ಮುಖಕ್ಕೆ ಎಸೆಯುತ್ತಿದ್ದೆ. ನನ್ನ ಮುಖಕ್ಕೆ ಎಸೆಯುವವರು ಯಾರೂ ಇರಲಿಲ್ಲ, ದಣಿದಿದ್ದೆ, ಗಡುವು ಇತ್ತು. ಅದಕ್ಕಿಂತ ಕೆಟ್ಟದ್ದು ಹೇಳುತ್ತೇನೆ: ಆ ಅಂಕಿ ನಷ್ಟ ತೋರಿಸಿದ್ದರಿಂದಲೇ ನನಗೆ ಅದು ಪ್ರಾಮಾಣಿಕವಾಗಿ ಕಂಡಿತು. ಹಿಂದೆ ಹಿಗ್ಗಿಸಿದವನಿಗೆ ಕುಗ್ಗಿದ್ದೆಲ್ಲ ನಿಜವೆನ್ನಿಸುತ್ತದೆ.

ಯಾವ ಮನೆ ಎಂದು ಕೇಳಬೇಡ. ಹಾಳೆಗೆ ಹೆಸರಿಲ್ಲ.

ವರದಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಜಿಲ್ಲೆಗೆ ಬರೆದೆ. ಬದಲಾಯಿಸುವ ಕಾಲ ಮೀರಿತು, ಎರಡು ವರ್ಷದ ನಂತರ ಹೊಸ ಸಮೀಕ್ಷೆ ಆಗಬಹುದು ಎಂದು ಉತ್ತರ ಬಂತು. ಆ ಸಮೀಕ್ಷೆ ನನ್ನದಾಗಿರುವುದಿಲ್ಲ. ಮೇಲಿನವರು ನನ್ನನ್ನು ಸೇತುವೆಯ ಬಳಿ ಲಾರಿ ಎಣಿಸಲು ಹಾಕಿದ್ದಾರೆ. ಲಾರಿಗಳು ಲಾರಿಗಳೇ, ಒಂದನ್ನು ನಾಲ್ಕು ಮಾಡುವ ಆಸೆ ಹುಟ್ಟುವುದಿಲ್ಲ. ಹೊಗೆಯೊಂದು ಬಿಟ್ಟರೆ ನೆಮ್ಮದಿ.

ಪಂದ್ಯ ನಡೆಸಲು ಜಿಲ್ಲೆಯ ಅಪ್ಪಣೆ ಬೇಕಿಲ್ಲ, ಅನುದಾನ ಬರುವುದಿಲ್ಲ ಅಷ್ಟೆ. ನೀವೇ ನಡೆಸಬಹುದು. ಆದರೆ ಅದಕ್ಕೆ ಮೊದಲು ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ನೀನು ಕೇಳು: ಪಂದ್ಯ ಬೇಕೆ? ದಡದಲ್ಲಿ ನಿಂತವರನ್ನಲ್ಲ. ಅಡುಗೆಮನೆಯಲ್ಲಿ ಕೇಳು. ಕೇಳಿದ ಮೇಲೆ ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಿ.

ಅಸ್ರುಲ್

*

ಲುಬುಕ್ ಕಂಡಿಸ್
೮ ಜುಲೈ ೨೦೧೮

ಅಸ್ರುಲ್,

ನಾಲ್ಕು ತಿಂಗಳು ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಮೊದಲೆರಡು ತಿಂಗಳು ಸಿಟ್ಟು, ಆಮೇಲೆ ಬರೆಯಲು ಮುಖವಿರಲಿಲ್ಲ. ಯಾವ ಮನೆ ಅಂತ ನಾನು ಯಾರನ್ನೂ ಕೇಳಿಲ್ಲ. ಕೇಳಬೇಕಾಗಲೂ ಇಲ್ಲ, ನಮ್ಮ ಮನೆಯ ಚಾಪೆ ಎಣಿಸಿದೆ. ಇಷ್ಟರಲ್ಲಿ ಅರ್ಥ ಮಾಡಿಕೋ.

ಉಪವಾಸದ ತಿಂಗಳ ಹಬ್ಬ ಮುಗಿದ ವಾರ ಊರ ಸಭೆ ಸೇರಿತು. ಅನುದಾನ ಇಲ್ಲದಿದ್ದರೂ ನಮ್ಮ ದಡದಲ್ಲಿ ನಮ್ಮ ಪಂದ್ಯ ನಾವೇ ನಡೆಸೋಣವೇ? ಗಂಡಸರೆಲ್ಲ ಕೈ ಎತ್ತಿದರು. ಅರ್ಧದಷ್ಟು ಜನ ಎರಡೂ ಕೈ ಎತ್ತಿದರು. ಮುಖ್ಯಸ್ಥರು, "ಕಾರ್ಯದರ್ಶಿ, ಬರ್ಕೊಳ್ಳಯ್ಯ, ಸರ್ವಾನುಮತ" ಅಂದರು. ನಾನು ಪೆನ್ನು ಕೆಳಗಿಟ್ಟೆ. ಒಳಗಿನವರನ್ನು ಕೇಳಿಲ್ಲ ಅಂದೆ.

"ಯಾವ ಒಳಗಿನವರು?"

"ಒಳಗೆ ಕಾಫಿ ಮಾಡ್ತಾ ಇದಾರಲ್ಲ, ಅವರು."

ಸಭೆ ನನ್ನನ್ನು ಹೇಗೆ ನೋಡಿತೆಂದರೆ, ದೋಣಿ ತೂತಾಯಿತು ಅಂದಿದ್ದರೂ ಹಾಗೆ ನೋಡುತ್ತಿರಲಿಲ್ಲ. ಹೆಂಗಸರು ಬಾಗಿಲಿಗೆ ಬಂದು ನಿಂತರು, ಇಪ್ಪತ್ತು ಮೂವತ್ತು ಜನ. ನಾನು ಕೇಳಿದೆ. ನೀನು ಕಾಯಲು ಹೇಳಿದ್ದೆ, ಕಾದೆ. ಮುಖ್ಯಸ್ಥರು ಎರಡು ಸಿಗರೇಟು ಮುಗಿಸಿದರು. ಕೊನೆಗೆ ಯುಲಿನಾರ್ ಉಟ್ಟ ಬಟ್ಟೆಯ ಅಂಚಿಗೆ ಕೈ ಒರೆಸಿಕೊಂಡು, ನನ್ನನ್ನು ನೋಡದೆ ಹೇಳಿದಳು:

"ಬೇಕು. ವರ್ಷಾ ವರ್ಷಾ ಬೇಡ. ಎರಡು ವರ್ಷಕ್ಕೊಂದ್ಸಲ ಸಾಕು."

ಒಬ್ಬ ಗಂಡಸು, "ಅದೆಂಥ ಪಂದ್ಯ, ಒಂದು ವರ್ಷ ಬಿಟ್ಟು ಒಂದು ವರ್ಷ!" ಅಂದ. ನೂರ್ಸಿಯಾ ಅಜ್ಜಿ ಹಿಂದಿನಿಂದ, "ನಿನಗೇನಪ್ಪಾ, ನೀನು ಎರಡು ಕೈ ಎತ್ತಿದ್ಯಲ್ಲ, ಒಂದು ಕೈಲಿ ಸೌಟು ಹಿಡ್ಕೋ ಬಾ, ವರ್ಷಕ್ಕೆರಡು ಮಾಡೋಣ" ಅಂದಳು. ನಾನು ಪೆನ್ನು ಎತ್ತಿಕೊಂಡು ಹಾಗೇ ಬರೆದುಕೊಂಡೆ. ಈ ವರ್ಷ ಇಲ್ಲ, ಬರುವ ವರ್ಷ ಇದೆ. ಜಿಲ್ಲೆಗೂ ತಿಳಿಸಿದೆವು. ಅವರ ನಮೂನೆಯಲ್ಲಿ 'ವಾರ್ಷಿಕ' ಮತ್ತು 'ರದ್ದಾಗಿದೆ' ಅಂತ ಎರಡೇ ಮನೆ ಇವೆಯಂತೆ, ಗುಮಾಸ್ತ ನಮ್ಮನ್ನು ಎರಡನೆಯದರಲ್ಲಿ ತುಂಬಿದ್ದಾನೆ. ತುಂಬಿಕೊಳ್ಳಲಿ.

ಈ ವರ್ಷಕ್ಕೆ ನಾನು ಏನೂ ಅಲ್ಲ. ಒಂದು ವರ್ಷ ಏನೂ ಅಲ್ಲದೆ ಇದ್ದು ನೋಡುತ್ತೇನೆ. ಬೆಳಗ್ಗೆ ರಬ್ಬರ್ ಹಾಲು ಇಳಿಸಲು ಅವಳ ಜೊತೆ ಹೋಗುತ್ತಿದ್ದೇನೆ. ಮರಕ್ಕೆ ಚಾಕು ಎಷ್ಟು ಆಳ ಹಾಕಬೇಕು ಅಂತ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಅವಳು ಬಯ್ಯುವುದಿಲ್ಲ. ನಾನು ಹಾಳು ಮಾಡಿದ ಗಾಯಕ್ಕೆ ಮಣ್ಣು ಮೆತ್ತಿ ಮುಂದಿನ ಮರಕ್ಕೆ ಹೋಗುತ್ತಾಳೆ.

ನಿನ್ನೆ ಮಧ್ಯಾಹ್ನ ಬಾತಾಮ್‌ನಿಂದ ಅವಳ ಸೋದರಮಾವನ ಮಗ ಫೋನು ಮಾಡಿದ. ಆಗಸ್ಟಿನಲ್ಲಿ ಯಾವತ್ತು ಬರೋಣ, ಈ ಸಲ ಒಂಬತ್ತು ಜನ ಆಗ್ತೀವಿ ಅಂದ. ನಾನು ಫೋನನ್ನು ಯುಲಿನಾರ್ ಕೈಗೆ ಕೊಟ್ಟೆ.

"ಈ ವರ್ಷ ಪಂದ್ಯ ಇಲ್ಲ ತಮ್ಮ," ಅಂದಳು. "ನಾವೇ ನಿಮ್ಮನೆಗೆ ಬರ್ತೀವಿ. ಐದು ದಿನ ಇರ್ತೀವಿ."

ಆ ಕಡೆ ಅವನು, "ಬನ್ನಿ ಅಕ್ಕ, ಬನ್ನಿ, ನಿಮ್ಮದೇ ಮನೆ" ಅಂದ. ಚೆನ್ನಾಗಿಯೇ ಅಂದ. ಪಕ್ಕದಲ್ಲಿ ಅವನ ಹೆಂಡತಿ, "ಎಷ್ಟು ಜನ?" ಅಂತ ಕೇಳಿದ್ದು ಇಲ್ಲಿಯವರೆಗೂ ಕೇಳಿಸಿತು.

ಯುಲಿನಾರ್ ಫೋನಿಟ್ಟು, ಜಗುಲಿಯ ಮೇಲೆ ಹಾಗೇ ಅಡ್ಡಾಗಿ, ನಿದ್ದೆ ಹೋದಳು. ಹಗಲು ಎರಡು ಗಂಟೆಗೆ ಅವಳು ಮಲಗಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಎದ್ದಾಗ ಕೊಡೋಣವೆಂದು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಕುದಿಯಿತು. ಸಕ್ಕರೆ ಸಿಗಲಿಲ್ಲ. ಇಪ್ಪತ್ತೇಳು ವರ್ಷದಿಂದ ಉಣ್ಣುತ್ತಿರುವ ಮನೆಯಲ್ಲಿ ಸಕ್ಕರೆ ಎಲ್ಲಿಡುತ್ತಾರೆಂದು ನನಗೆ ಗೊತ್ತಿಲ್ಲ, ಅಸ್ರುಲ್. ಒಂದೊಂದೇ ಡಬ್ಬಿ ಇಳಿಸಿ ಮುಚ್ಚಳ ತೆಗೆದು ನೋಡಿದೆ. ಉಪ್ಪು, ಒಣಮೀನು, ಅರಿಶಿನ, ಗುಂಡಿ ಸೂಜಿ. ಅವಳನ್ನು ಎಬ್ಬಿಸಿ ಕೇಳಬಹುದಿತ್ತು.

ಎಬ್ಬಿಸಲಿಲ್ಲ. ಇನ್ನೂ ನಾಲ್ಕು ಡಬ್ಬಿ ಇದ್ದವು.

ನಿನ್ನ,
ಮಸ್ನೂರ್